‘ಕಾಣ್ಲೇ ಇಲ್ಲ ಸಾರ್!’

ಹೋದ ಮಳೆಗಾಲದ ಒಂದು ಬೆಳಿಗ್ಗೆ ಅಡ್ಡರಸ್ತೆಯಿಂದ ಬಂದ ಕಾರೊಂದು ನನ್ನ ಸೈಕಲ್ಲಿಗೆ ಗೇಣುದ್ದ ದೂರದಲ್ಲಿ ಕಿರ್ರೆಂದು ನಿಂತಿತು. ಡ್ರೈವರ್ ಇಳಿದು ಬಂದು, “ಕಾಣ್ಲೇ ಇಲ್ಲ ಸಾರ್, ಎರಡೂ ಕಡೆ ನೋಡ್ಕೊಂಡೇ ಬಂದೆ” ಅಂದರು. ನನಗೆ ರೇಗಿಹೋಯಿತು. ಹಾಡಹಗಲಲ್ಲಿ ಆಳೆತ್ತರದ ಮನುಷ್ಯ ಕಾಣಲ್ವಾ? ಅವರು ಸುಳ್ಳು ಹೇಳಿರಲಿಕ್ಕಿಲ್ಲ ಎಂದು ಆಮೇಲೆ ಗೊತ್ತಾಯಿತು.

ಕೈ ಚಾಚಿ ಹೆಬ್ಬೆರಳು ಎತ್ತಿ. ಹೆಚ್ಚುಕಮ್ಮಿ ಆ ಉಗುರಿನಷ್ಟು ಜಾಗ ಮಾತ್ರ ಕಣ್ಣಿಗೆ ನಿಚ್ಚಳ, ಸುತ್ತಲಿನದೆಲ್ಲ ಮಸುಕು. ಅದಕ್ಕೇ ಕಣ್ಣು ಸೆಕೆಂಡಿಗೆ ಸುಮಾರು 3 ಸಲ ಅಲ್ಲಿಂದಿಲ್ಲಿಗೆ ಜಿಗಿಯುತ್ತಲೇ ಇರುತ್ತದೆ. ಜಿಗಿಯುವಾಗ ಕಂಡದ್ದನ್ನು ಮಿದುಳು ಹೆಚ್ಚುಪಾಲು ಅಳಿಸಿಹಾಕುತ್ತದೆ. ನಂಬಿಕೆ ಇಲ್ಲವೇ? ಕನ್ನಡಿಯಲ್ಲಿ ನಿಮ್ಮ ಎಡಗಣ್ಣು ನೋಡಿ, ಆಮೇಲೆ ಬಲಗಣ್ಣು ನೋಡಿ. ಕಣ್ಣು ಹೊರಳಿದ್ದು ನಿಮಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತವರಿಗೆ ಚೆನ್ನಾಗಿ ಕಾಣುತ್ತದೆ. ಡ್ರೈವರ್ ಸರಸರ ಎಡಬಲ ನೋಡಿದಾಗ ಅಂಥದೊಂದು ಜಿಗಿತದ ನಡುವೆ ಸೈಕಲ್ ಸಿಕ್ಕಿಕೊಂಡರೆ, ಅದು ಅವರ ಪಾಲಿಗೆ ರಸ್ತೆಯಲ್ಲೇ ಇಲ್ಲ. ಬಸ್ಸು ಲಾರಿ ಹೀಗೆ ತಪ್ಪಿಹೋಗುವುದು ಕಷ್ಟ. ಸೈಕಲ್ ಸಣ್ಣದು ನೋಡಿ.

ಇನ್ನೊಂದು ತೊಂದರೆ ಇದೆ, ಹಡಗಿನವರಿಗೆ ಹಳೆಯ ವಿಷಯ. ಎರಡು ವಾಹನ ತಂತಮ್ಮ ವೇಗ ಬದಲಿಸದೆ ನೇರವಾಗಿ ಬಂದು ಒಂದು ಜಾಗದಲ್ಲಿ ಢಿಕ್ಕಿಯಾಗುವ ಹಾಗಿದ್ದರೆ, ಒಂದರಿಂದ ನೋಡಿದಾಗ ಇನ್ನೊಂದು ಇದ್ದ ದಿಕ್ಕಿನಲ್ಲೇ ಇರುತ್ತದೆ. ಕಾರಿನ ಗಾಜಿನ ಮೇಲೆ ಸೈಕಲ್ ಒಂದು ಚುಕ್ಕೆಯ ಹಾಗೆ ಅಂಟಿಕೊಂಡಿರುತ್ತದೆ, ನಿಧಾನಕ್ಕೆ ದೊಡ್ಡದಾಗುತ್ತದೆ ಅಷ್ಟೆ. ಓರೆಗಣ್ಣಿಗೆ ಅಲುಗಾಟ ಬೇಗ ಕಾಣುತ್ತದೆ, ಅಲುಗದ ಚುಕ್ಕೆ ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಕಾರಿನ ಮುಂಗಾಜಿನ ಪಕ್ಕದ ಕಂಬ ಅಡ್ಡ ಬಂದರಂತೂ ಸೈಕಲ್ಲಿನ ಮೇಲಿರುವ ನೀವು ಕೊನೆಯ ಗಳಿಗೆಯವರೆಗೂ ಅದರ ಹಿಂದೆಯೇ ಇರುತ್ತೀರಿ.

ಅಂದಿನಿಂದ ನಾನು ಅಡ್ಡರಸ್ತೆ ಹತ್ತಿರವಾದಾಗ ಸುಮ್ನೆ ಒಂದೇ ಸಮ ತುಳಿಯುವುದಿಲ್ಲ. ಪೆಡಲ್ ನಿಲ್ಲಿಸಿ ಬ್ರೇಕಿನ ಮೇಲೆ ಬೆರಳಿಡುತ್ತೇನೆ. ವೇಗ ಬದಲಾದರೆ ಆ ಚುಕ್ಕೆ ಸರಿಯುತ್ತದೆ, ನನಗೂ ನಿಲ್ಲಲು ಸಮಯ ಸಿಗುತ್ತದೆ. ಗಂಟೆಗೆ 20 ಕಿ.ಮೀ. ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಬ್ರೇಕ್ ಹಿಡಿಯಬೇಕು ಅಂದುಕೊಳ್ಳುವಷ್ಟರಲ್ಲೇ ಅಷ್ಟು ದೂರ ಹೋಗಿಬಿಟ್ಟಿರುತ್ತೇವೆ. ಡ್ರೈವರ್ ಮುಖವನ್ನೂ ನಾನು ನಂಬುವುದಿಲ್ಲ. ಕಾರಿನ ಮುಂದಿನ ಚಕ್ರ ನೋಡುತ್ತೇನೆ. ಉರುಳುವ ಚಕ್ರದ ಮೇಲ್ತುದಿ ಕಾರಿಗಿಂತ ಎರಡು ಪಟ್ಟು ವೇಗವಾಗಿ ಮುಂದೆ ಹೋಗುತ್ತದೆ. ಹಾಗಾಗಿ ಕಾರು ಹೊರಟಿದ್ದು ಮೊದಲು ಗೊತ್ತಾಗುವುದು ಅಲ್ಲೇ.

ರಾತ್ರಿಯ ಲೆಕ್ಕ ಬೇರೆ. ಮಿರಿಮಿರಿ ಹಳದಿ ಜಾಕೆಟ್ ಹಗಲಿಗೆ ಸರಿ. ಬಿಸಿಲಿನ ನೇರಳಾತೀತ ಬೆಳಕನ್ನು ಹೀರಿ ಹಳದಿಯಾಗಿ ಬಿಡುವುದರಿಂದ ಅದು ಅಷ್ಟು ಹೊಳೆಯುತ್ತದೆ, ಕತ್ತಲಲ್ಲಿ ಆ ಆಟ ನಡೆಯುವುದಿಲ್ಲ. ಆಗ ಬೇಕಾದದ್ದು ಹಿಂದಿನ ಮಡ್ಗಾರ್ಡಿನ ಕೆಂಪು ರಿಫ್ಲೆಕ್ಟರ್. ಅದರೊಳಗೆ ಪುಟ್ಟ ಪುಟ್ಟ ಮೂಲೆಗಳಿವೆ. ಯಾವ ಕಡೆಯಿಂದ ಬೆಳಕು ಬಿತ್ತೋ ಆ ಕಡೆಗೇ ತಿರುಗಿಸಿ ಕಳಿಸುತ್ತವೆ. 1969ರಲ್ಲಿ ಅಪೊಲೊ 11ರವರು ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕದ ಗುಟ್ಟೂ ಇದೇ. ಪೆಡಲ್‌ಗಳ ಮೇಲಿನ ಹಳದಿ ರಿಫ್ಲೆಕ್ಟರ್ ಪಟ್ಟಿ ಇನ್ನೂ ವಾಸಿ. ಕತ್ತಲಲ್ಲಿ ಮೈಯ ಕೀಲುಗಳ ಮೇಲಿನ ಕೆಲವೇ ಬೆಳಕಿನ ಚುಕ್ಕೆ ಅಲುಗಿದರೂ ಅದು ಮನುಷ್ಯ ಎಂದು ಮಿದುಳು ಗುರುತಿಸುತ್ತದೆ, ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಯೋಹಾನ್ಸನ್ 1973ರಲ್ಲೇ ಇದನ್ನು ತೋರಿಸಿದ್ದರು. ಮೇಲೆ ಕೆಳಗೆ ಆಡುವ ಎರಡು ಚುಕ್ಕೆ ಕಂಡರೆ ಯಾರೋ ತುಳಿಯುತ್ತಿದ್ದಾರೆ ಅಂತ ತಟ್ಟನೆ ಹೊಳೆಯುತ್ತದೆ.

ಆದರೆ ಹೆಡ್‌ಲೈಟ್ ಬೀಳದಿದ್ದರೆ ರಿಫ್ಲೆಕ್ಟರ್ ಬರೀ ಪ್ಲಾಸ್ಟಿಕ್ಕು. ಅಡ್ಡರಸ್ತೆಯ ಕಾರಿನ ಬೆಳಕು ನಿಮ್ಮ ಮೇಲೆ ಬೀಳುವಷ್ಟರಲ್ಲಿ ತಡವಾಗಿರುತ್ತದೆ. ಅದಕ್ಕೆ ನಿಮ್ಮದೇ ದೀಪ ಬೇಕು, ಮುಂದೆ ಬಿಳಿ, ಹಿಂದೆ ಕೆಂಪು. ನನ್ನ ಸೈಕಲ್ಲಿಗೆ ಎರಡೂ ಇವೆ. ಮೊನ್ನೆ ಹಿಂದೆ ಬಗ್ಗಿ ನೋಡಿದರೆ ಕೆಂಪು ರಿಫ್ಲೆಕ್ಟರಿನ ಮೇಲೆ ಒಂದು ಪದರ ಕೆಸರು. ಎಷ್ಟು ದಿನದಿಂದ ಹಾಗೇ ಓಡಾಡಿದ್ದೆನೋ! ಹಳೇ ಬನಿಯನ್ ತುಂಡೊಂದನ್ನು ಈಗ ಸೀಟಿನ ಕೆಳಗೇ ಸಿಕ್ಕಿಸಿದ್ದೇನೆ.