ಹಿತ್ತಾಳೆ ಕೊಳವೆಯೊಳಗಿನ ನಾಲ್ಕು ಗಾಜು

ಹುಬ್ಬಳ್ಳಿಯ ಕಂಚಗಾರ ಗಲ್ಲಿಯಿಂದ ತಂದ ಹಿತ್ತಾಳೆ ಕೊಡ ಕಪ್ಪಿಟ್ಟರೆ ಏನು ಮಾಡಬೇಕೆಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಹುಣಸೆಹಣ್ಣು, ಒಂದು ಚಿಟಿಕೆ ಉಪ್ಪು, ಗಸಗಸ ತಿಕ್ಕಿದರೆ ಕೊಡ ಫಳಫಳ. ಇದೇ ಜಾಣತನವನ್ನು ಹಳೆಯ ಫೋಟೋ ಸ್ಟುಡಿಯೋದ ಅಟ್ಟದಿಂದ ಇಳಿಸಿದ ಹಿತ್ತಾಳೆ ಲೆನ್ಸಿನ ಮೇಲೆ ತೋರಿಸಿದರೆ ಮಾತ್ರ ಅನಾಹುತ. ನೂರು-ನೂರೈವತ್ತು ವರ್ಷ ತಾಳಿಕೊಂಡ ಲೆನ್ಸುಗಳು ಕೆಟ್ಟಿರುವುದು ವಯಸ್ಸಿನಿಂದ ಕಡಿಮೆ, ಪ್ರೀತಿಯಿಂದ ತಿಕ್ಕಿದ ಕೈಗಳಿಂದ ಹೆಚ್ಚು.

ಕೊಡದ ಮೈ ಬರೀ ಲೋಹ. ಲೆನ್ಸಿನ ಮೈ ಹಾಗಲ್ಲ. ಕೊಳವೆಯನ್ನು ಲೇಥಿನಲ್ಲಿ ಕಡೆದು ಮುಗಿಸಿದ ಮೇಲೆ ಅದನ್ನು ಸ್ವಲ್ಪ ಬಿಸಿ ಮಾಡಿ, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ತೆಳ್ಳಗೆ ಬಳಿಯುತ್ತಿದ್ದರು. ಜೇನಿನ ಬಣ್ಣದ ಆ ಪದರವೇ ಹಿತ್ತಾಳೆಗೂ ಗಾಳಿಗೂ ನಡುವಿನ ತಡೆ. ಹುಣಸೆಯ ಆಮ್ಲ, ಪೇಟೆಯ ಪಾಲಿಶು, ಬೂದಿ, ಎಲ್ಲವೂ ಮೊದಲು ಕೀಳುವುದು ಅದನ್ನೇ. ಆಮೇಲೆ ಆಮ್ಲ ಹಿತ್ತಾಳೆಯೊಳಗಿನ ಸತುವನ್ನು ಮೇಲ್ಮೈಯಿಂದ ಎಳೆದುಕೊಂಡು ತಾಮ್ರವನ್ನಷ್ಟೇ ಉಳಿಸುತ್ತದೆ. ಅತಿಯಾಗಿ ತೊಳೆದ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುವುದು ಅದಕ್ಕೇ. ಗಾಜು ಒರೆಸಲು ತಂದ ಸ್ಪಿರಿಟ್ ಕೂಡ ಕೊಳವೆಗೆ ತಾಗಬಾರದು, ಅರಗು ಕರಗುವುದೇ ಅದರಲ್ಲಿ. ಮೆತ್ತನೆ ಬಟ್ಟೆ, ತುಸು ಸೋಪಿನ ನೀರು, ಒಣಗಿದ ಮೇಲೆ ಇಷ್ಟೇ ಇಷ್ಟು ಮೇಣ. ಕೊಳವೆಯ ಹೊರಮೈಗೆ ಇಷ್ಟು ಸಾಕು. ಅರಗು ಪೂರ್ತಿ ಹೋಗಿಬಿಟ್ಟಿದ್ದರೆ ಬಡಿಗೇರರು ಮರದ ಪಾಲಿಶಿಗೆ ಬಳಸುವ ಅರಗನ್ನೇ ಸ್ಪಿರಿಟ್‌ನಲ್ಲಿ ಕರಗಿಸಿ, ಬೆಚ್ಚಗಿನ ಲೋಹಕ್ಕೆ ಒಂದೇ ಎಳೆತದಲ್ಲಿ ಬಳಿಯಬಹುದು. ಎರಡನೇ ಸಲ ಬ್ರಶ್ ಆಡಿಸಿದರೆ ಗೆರೆ ಬಿದ್ದೇ ಬೀಳುತ್ತದೆ.

ಹೊರಮೈ ಬಿಟ್ಟು ಒಳಗೆ ಹೋಗೋಣ. ಅಟ್ಟದಲ್ಲಿ ಸಿಗುವ ದಪ್ಪ, ಉದ್ದ, ಭಾರದ ಹಿತ್ತಾಳೆ ಲೆನ್ಸುಗಳಲ್ಲಿ ಬಹುಪಾಲು ಒಂದೇ ಕುಲದವು. ಆ ಕುಲದ ಮೂಲಪುರುಷ ಫೋಟೋಗ್ರಾಫರ್ ಅಲ್ಲ, ವಿಯೆನ್ನಾ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಯೋಸೆಫ್ ಪೆಟ್ಜ್‌ವಾಲ್. 1839ರಲ್ಲಿ ಫ್ರಾನ್ಸಿನ ಡಾಗೇರನ ಛಾಯಾಚಿತ್ರ ವಿಧಾನ ಪ್ರಕಟವಾದಾಗ ಬಳಕೆಯಲ್ಲಿದ್ದ ಲೆನ್ಸು ತೀರ ಮಂದ, ಇಂದಿನ ಲೆಕ್ಕದಲ್ಲಿ ಎಫ್/16ರ ಆಸುಪಾಸು (ಎಫ್ ಅಂಕಿ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು). ಬಿಸಿಲಲ್ಲಿ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕು. ಕಟ್ಟಡ ಕೂರುತ್ತದೆ, ಮನುಷ್ಯ ಕೂರುವುದಿಲ್ಲ. 1840ರಲ್ಲಿ ಪೆಟ್ಜ್‌ವಾಲ್ ಕಾಗದದ ಮೇಲೆ ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕ ಹಾಕಿಯೇ ಹೊಸ ಲೆನ್ಸು ಕಟ್ಟಿದ. ಗುಣಾಕಾರ-ಭಾಗಾಕಾರದ ಗುಡ್ಡೆಯನ್ನು ಕರಗಿಸಲು ಆಸ್ಟ್ರಿಯಾದ ಆರ್ಚ್‌ಡ್ಯೂಕ್ ಲುಡ್ವಿಗ್ ತನ್ನ ತೋಪುಖಾನೆಯ ಸೈನಿಕರನ್ನೇ ಕೊಟ್ಟ. ಗುಂಡಿನ ದಾರಿ ಲೆಕ್ಕ ಹಾಕಿ ರೂಢಿಯಿದ್ದವರಿಗೆ ಕಿರಣದ ದಾರಿ ಹೊಸದಾದರೂ ಕಷ್ಟದ್ದಲ್ಲ. ಫೋಗ್ಟ್‌ಲೆಂಡರ್ ಕಾರ್ಖಾನೆ ತಯಾರಿಸಿದ ಆ ಲೆನ್ಸಿನ ವೇಗ ಎಫ್/3.6ರಷ್ಟು. ಅಂದರೆ ಹಳೆಯದಕ್ಕಿಂತ 16 ಪಟ್ಟಿಗೂ ಹೆಚ್ಚು ಬೆಳಕು. ಮುಖದ ಚಿತ್ರ ತೆಗೆಯುವುದು ಕಸುಬಾದದ್ದು ಆಗಲೇ. ಪ್ರಾಧ್ಯಾಪಕನಿಗೂ ಕಾರ್ಖಾನೆಯವನಿಗೂ ಮುಂದೆ ಜಗಳವಾಯಿತು. ಪೇಟೆಂಟು ಆಸ್ಟ್ರಿಯಾದ ಹೊರಗೆ ಯಾರ ಕೈಯನ್ನೂ ಕಟ್ಟಲಿಲ್ಲ; ಪ್ಯಾರಿಸ್, ಲಂಡನ್ನುಗಳಲ್ಲಿ ಕಂಡಕಂಡವರು ನಕಲು ಮಾಡಿದರು. ನಿಮ್ಮ ಕೈಗೆ ಸಿಕ್ಕ ಲೆನ್ಸಿನ ಮೇಲೆ ಹೆಸರೇ ಇಲ್ಲದಿದ್ದರೆ ಬೇಸರ ಬೇಡ, ಅಂಥವೇ ಸಾವಿರಾರಿವೆ, ಕೆಲವು ತುಂಬ ಒಳ್ಳೆಯವೂ ಇವೆ.

ವಿನ್ಯಾಸ ಹೀಗಿದೆ. ಮುಂದಿನ ಜೋಡಿಯಲ್ಲಿ ಕ್ರೌನ್ ಗಾಜು, ಫ್ಲಿಂಟ್ ಗಾಜು ಒಂದಕ್ಕೊಂದು ಅಂಟಿಕೊಂಡಿವೆ. ಫ್ಲಿಂಟಿನಲ್ಲಿ ಸೀಸದ ಅಂಶ ಇರುವುದರಿಂದ ಬಣ್ಣಗಳನ್ನು ಹೆಚ್ಚು ಚದುರಿಸುತ್ತದೆ, ಕ್ರೌನ್ ಕಡಿಮೆ; ಒಂದು ಮಾಡಿದ ಚದುರಿಕೆಯನ್ನು ಇನ್ನೊಂದು ಅಳಿಸುತ್ತದೆ. ಹಿಂದಿನ ಜೋಡಿಯಲ್ಲೂ ಇವೇ ಎರಡು, ಆದರೆ ನಡುವೆ ತೆಳ್ಳನೆಯ ಗಾಳಿಯ ಸಂದು. ಆ ಸಂದಿಯನ್ನು ಕಾಯಲು ಒಂದು ಹಿತ್ತಾಳೆ ಬಳೆ. ಈ ಬಳೆಯನ್ನು ಕಸವೆಂದು ಎಸೆದವರಿದ್ದಾರೆ. ಬಳೆ ಹೋದರೆ ಲೆನ್ಸೇ ಹೋದಂತೆ, ಯಾಕೆಂದರೆ ಎಫ್/3.6ರಷ್ಟು ದೊಡ್ಡ ಬಾಯಿಯ ಅಂಚಿನಿಂದ ಬಂದ ಕಿರಣಗಳೂ ನಡುವಿನ ಕಿರಣಗಳೂ ಒಂದೇ ಕಡೆ ಕೂಡಬೇಕಾದರೆ ಆ ಸಂದು ಅಷ್ಟೇ ಇರಬೇಕು. ಕೊಳವೆ ಅಲಂಕಾರಕ್ಕಿಲ್ಲ. ಯಾವ ಗಾಜು ಎಲ್ಲಿ, ಎಷ್ಟು ದೂರದಲ್ಲಿ, ಯಾವ ಮುಖ ಯಾವ ಕಡೆ ಎಂಬ ಲೆಕ್ಕ ಇರುವುದೇ ಹಿತ್ತಾಳೆಯಲ್ಲಿ.

ಹಿಂದಿನ ಎರಡು ಗಾಜುಗಳನ್ನು ಯಾರೋ ಯಾವಾಗಲೋ ತೊಳೆದು ತಿರುವುಮುರುವಾಗಿ ಕೂರಿಸಿರುವುದು ಈ ಲೆನ್ಸುಗಳ ಅತಿ ಸಾಮಾನ್ಯ ರೋಗ. ಪೆಟ್ಜ್‌ವಾಲನ ಮೂಲ ಕ್ರಮದಲ್ಲಿ ಹಿಂಜೋಡಿಯ ಫ್ಲಿಂಟು ಒಳಗಡೆ, ಉಬ್ಬಿದ ಕ್ರೌನು ಕ್ಯಾಮೆರಾದ ಕಡೆ. ಲಂಡನ್ನಿನ ಲೆನ್ಸು ತಯಾರಕ ಡಾಲ್ಮೇಯರ್ 1866ರಲ್ಲಿ ಇದನ್ನು ಅದಲುಬದಲು ಮಾಡಿದ, ಜೊತೆಗೆ ಹಿಂದಿನ ಕೋಶವನ್ನು, ಅಂದರೆ ಗಾಜು ಕೂತ ಹಿತ್ತಾಳೆ ಮನೆಯನ್ನು, ತುಸು ತಿರುಗಿಸಿ ಸಂದು ಹಿಗ್ಗಿಸಿದರೆ ಚಿತ್ರ ಬೇಕೆಂದೇ ಮೆದುವಾಗುವ ಏರ್ಪಾಟು ಮಾಡಿದ. ಹಾಗಾಗಿ ಮೊದಲು ಲೆನ್ಸು ಯಾವ ಪಂಗಡದ್ದೆಂದು ನೋಡಿ, ಆಮೇಲೆ ಬಿಚ್ಚಿ. ಗಾಜಿನ ಅಂಚಿನಲ್ಲಿ ಕಾರ್ಖಾನೆಯವರು ಪೆನ್ಸಿಲಿನಲ್ಲಿ ಬಾಣದ ಗುರುತು ಹಾಕಿದ್ದುಂಟು. ಅದನ್ನು ಒರೆಸಿಬಿಟ್ಟೀರಿ, ಜೋಕೆ.

ಬಿಚ್ಚದೆಯೇ ಒಳಗಿನ ಸಂಗತಿ ತಿಳಿಯುವ ಉಪಾಯವೂ ಇದೆ. ಕತ್ತಲ ಕೋಣೆಯಲ್ಲಿ ಒಂದೇ ಬಲ್ಬು ಹಚ್ಚಿ, ಅದರ ಬಿಂಬಗಳನ್ನು ಗಾಜಿನಲ್ಲಿ ಎಣಿಸಿ. ಗಾಜು-ಗಾಳಿ ಸೇರುವ ಪ್ರತಿ ಮೈಯೂ ನೂರಕ್ಕೆ ನಾಲ್ಕೈದು ಪಾಲು ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ. ಅಂಟಿಸಿದ ಜೋಡಿಯಲ್ಲಿ ಎರಡು ಪ್ರಖರ ಬಿಂಬ, ನಡುವಿನ ಅಂಟಿನಿಂದ ಒಂದು ತೀರ ಮಸುಕಾದದ್ದು. ಸಂದು ಇರುವ ಜೋಡಿಯಲ್ಲಿ ನಾಲ್ಕೂ ಪ್ರಖರ. ಮುಂದಿನ ಜೋಡಿ ನಾಲ್ಕು ತೋರಿಸಿದರೆ ಅಂಟು ಪೂರ್ತಿ ಬಿಟ್ಟಿದೆ, ಇಲ್ಲವೇ ಮುಂದಿನ-ಹಿಂದಿನ ಕೋಶಗಳನ್ನು ಯಾರೋ ಅದಲಿಸಿದ್ದಾರೆ.

ಇದೇ ಲೆಕ್ಕದಿಂದ ಆರು ಮೈಗಳಲ್ಲಿ ಸುಮಾರು ಕಾಲು ಭಾಗ ಬೆಳಕು ದಾರಿಯಲ್ಲೇ ಸೋರುತ್ತದೆ. ಇಲ್ಲೊಂದು ಸೋಜಿಗ. ಹಳೆಯ ಫ್ಲಿಂಟ್ ಗಾಜಿನ ಮೇಲೆ ನೀಲಿ-ಕಂದು ಛಾಯೆ ಕಟ್ಟಿರುತ್ತದೆ, ನೋಡಿದರೆ ಕೊಳೆ ಎನಿಸುತ್ತದೆ. 1890ರ ದಶಕದಲ್ಲಿ ಇಂಗ್ಲೆಂಡಿನ ಲೆನ್ಸು ವಿನ್ಯಾಸಕ ಡೆನಿಸ್ ಟೇಲರ್, ಹೀಗೆ ಮಾಸಿದ ಲೆನ್ಸು ಹೊಸದಕ್ಕಿಂತ ಹೆಚ್ಚು ಬೆಳಕು ಬಿಡುತ್ತದೆಂದು ಗಮನಿಸಿದ. ಕಾಲವೇ ಗಾಜಿನ ಮೇಲೆ ಪ್ರತಿಫಲನ ತಡೆಯುವ ಪದರ ಕಟ್ಟಿತ್ತು. ಈಗ ನಮ್ಮ ಕನ್ನಡಕಕ್ಕೆ ಹೆಚ್ಚು ಹಣ ಕೊಟ್ಟು ಹಾಕಿಸುವ ಕೋಟಿಂಗಿನ ಮೂಲ ಅಲ್ಲಿದೆ. ಅದನ್ನು ಟೂತ್‌ಪೇಸ್ಟ್ ಹಚ್ಚಿ ಉಜ್ಜುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗಾಜಿನ ಬಾಗು ಬೆಳಕಿನ ಅಲೆಯ ಉದ್ದದ ಮಟ್ಟಕ್ಕೆ, ಅಂದರೆ ಮಿಲಿಮೀಟರಿನ ಎರಡು ಸಾವಿರ ಭಾಗಗಳಲ್ಲಿ ಒಂದರಷ್ಟಕ್ಕೆ, ನಿಖರವಾಗಿ ಇರಬೇಕು. ಬೆರಳಿನ ಉಜ್ಜಾಟಕ್ಕೆ ಅದು ಉಳಿಯುವುದಿಲ್ಲ. ಬೂಷ್ಟು ಮಾತ್ರ ಬೇರೆ ಮಾತು. ಹಾನಗಲ್ ಕಡೆಯ ಮಳೆಗಾಲದಲ್ಲಿ ಪೆಟ್ಟಿಗೆ ಮುಚ್ಚಿಟ್ಟ ಲೆನ್ಸಿಗೆ ಬೂಷ್ಟು ಹಿಡಿದರೆ ಬಿಡಬಾರದು, ಅದರ ಆಮ್ಲ ಗಾಜನ್ನೇ ಕೊರೆಯುತ್ತದೆ.

ಅಂಟಿನ ವಿಚಾರ. ಆಗ ಬಳಸುತ್ತಿದ್ದುದು ಕೆನಡಾ ಬಾಲ್ಸಂ, ಉತ್ತರ ಅಮೆರಿಕದ ಒಂದು ಜಾತಿಯ ಫರ್ ಮರದ ರಾಳ. ಅದರ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಪ್ರಮಾಣ, ಗಾಜಿಗೆ ಹತ್ತಿರ, ಹಾಗಾಗಿ ಬೆಳಕಿಗೆ ಅಂಟು ಇದ್ದದ್ದೇ ಗೊತ್ತಾಗುವುದಿಲ್ಲ. ವಯಸ್ಸಾದಂತೆ ಹಳದಿಯಾಗುತ್ತದೆ, ಅಂಚಿನಿಂದ ಬಿಡುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಹಿಡಿದಾಗ ಕಾಮನಬಿಲ್ಲಿನ ಉಂಗುರಗಳು ಕಂಡರೆ ಅವು ನ್ಯೂಟನ್ ಉಂಗುರಗಳು, ಅಲ್ಲಿ ಅಂಟು ಬಿಟ್ಟು ಕೂದಲಿಗಿಂತ ತೆಳುವಾದ ಗಾಳಿ ಹೊಕ್ಕಿದೆ. ಅಂಚಿನಲ್ಲಷ್ಟೇ ಇದ್ದರೆ ಸುಮ್ಮನೆ ಬಿಡಿ, ಚಿತ್ರಕ್ಕೆ ಏನೂ ಆಗದು. ನಡುವಿಗೆ ಬಂದಿದ್ದರೆ ಗಾಜು ಬಿಡಿಸಿ ಮತ್ತೆ ಅಂಟಿಸಬೇಕು. ಬಾಲ್ಸಂ ಬಿಸಿಗೆ ಮೆತ್ತಗಾಗುತ್ತದೆ, ಅಸಿಟೋನಿನಲ್ಲಿ ಕರಗುತ್ತದೆ. ಬಿಸಿ ನಿಧಾನವಾಗಿ ಏರಬೇಕು, ಅದಕ್ಕಿಂತ ನಿಧಾನವಾಗಿ ಇಳಿಯಬೇಕು. ಕ್ರೌನು ಫ್ಲಿಂಟು ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ಅವಸರಕ್ಕೆ ಗಾಜು ಸೀಳುತ್ತದೆ. ಕೋಶದ ಹಿತ್ತಾಳೆ ಅಂಚನ್ನೇ ಗಾಜಿನ ಮೇಲೆ ಮಡಿಚಿ ಕೂರಿಸಿದ್ದರೆ ಬಿಡಿಸುವ ಆಸೆ ಬಿಡುವುದೇ ವಿವೇಕ.

ಇನ್ನು ಕ್ಯಾಮೆರಾಕ್ಕೆ ಕೂರಿಸುವ ಕೆಲಸ. ದೊಡ್ಡ ಮರದ ಕ್ಯಾಮೆರಾಗಳು ನಮ್ಮಲ್ಲಿ ಅಪರೂಪವೇನಲ್ಲ. ಕೇರಳದ ಆಲಪ್ಪುಳದಲ್ಲಿ 1940ರ ದಶಕದಿಂದ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾ ದೇಶದ ತುಂಬ ಸ್ಟುಡಿಯೋಗಳನ್ನು ಹೊಕ್ಕಿತ್ತು. ತೊಂದರೆ ಇರುವುದು ನಡುವಿನ ಕೊಂಡಿಯಲ್ಲಿ. ಲೆನ್ಸು ಒಂದು ಹಿತ್ತಾಳೆ ಫ್ಲೇಂಜಿಗೆ, ಅಂದರೆ ಒಳಗೆ ಥ್ರೆಡ್ ಇರುವ ಅಗಲ ಬಳೆಗೆ, ತಿರುಗಿ ಕೂರುತ್ತದೆ, ಫ್ಲೇಂಜು ಮರದ ಹಲಗೆಗೆ ಸ್ಕ್ರೂನಿಂದ. ಹಳೆಯ ಕ್ಯಾಮೆರಾದಿಂದ ಲೆನ್ಸು ಬಿಚ್ಚಿ ಮಾರುವವರು ಫ್ಲೇಂಜನ್ನು ಹಲಗೆಯಲ್ಲೇ ಬಿಟ್ಟುಬಿಡುತ್ತಾರೆ. ಥ್ರೆಡ್ಡುಗಳಿಗೆ ಆಗ ಏಕರೂಪವಿರಲಿಲ್ಲ, ಒಂದರ ಫ್ಲೇಂಜು ಇನ್ನೊಂದಕ್ಕೆ ಹೊಂದುವುದು ಅದೃಷ್ಟ.

ಹುಬ್ಬಳ್ಳಿಯವರಿಗೆ ಇದು ತಲೆನೋವಾಗಬೇಕಿಲ್ಲ. ಗೋಕುಲ ರಸ್ತೆಯ ಶೆಡ್ಡುಗಳಲ್ಲಿ, ತಾರಿಹಾಳದಲ್ಲಿ, ಥ್ರೆಡ್ ಹಾಕಬಲ್ಲ ಲೇಥುಗಳಿಗೆ ಬರವಿಲ್ಲ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಕಂಬಗಳನ್ನು ತಿರುಗಣಿಗೆ ಕೊಟ್ಟು ಕಡೆದ ನಾಡಿದು. ಟರ್ನರ್ ಕೇಳುವ ಮೊದಲ ಮಾತು, ‘ಪಿಚ್ ಎಷ್ಟೈತ್ರಿ?’ ಅಂದರೆ ಥ್ರೆಡ್ಡಿನ ಗೆರೆಗಳು ಎಷ್ಟು ಒತ್ತೊತ್ತಾಗಿವೆ ಎಂದು. ಅದಕ್ಕೆ ಉತ್ತರ ಮೊದಲೇ ಸಿದ್ಧವಿರಲಿ. ಲೆನ್ಸಿನ ಥ್ರೆಡ್ಡಿನ ಮೇಲೆ ತೆಳು ಕಾಗದ ಒತ್ತಿ ಪೆನ್ಸಿಲ್ ಆಡಿಸಿದರೆ ಗೆರೆಗಳು ಮೂಡುತ್ತವೆ. ಅರ್ಧ ಇಂಚಿನಲ್ಲಿ ಎಷ್ಟಿವೆ ಎಂದು ಎಣಿಸಿ ಎರಡರಿಂದ ಗುಣಿಸಿದರೆ ಇಂಚಿಗೆ ಇಷ್ಟು ಎಂಬ ಲೆಕ್ಕ. ಹೊರವ್ಯಾಸಕ್ಕೆ ವರ್ನಿಯರ್. ಮೊದಲು ನೈಲಾನ್ ತುಂಡಿನಲ್ಲಿ ಕಡೆಸಿ ಹೊಂದಿಸಿ ನೋಡಿ, ಅಗ್ಗವೂ ಹೌದು, ಲೆನ್ಸಿನ ಥ್ರೆಡ್ಡಿಗೆ ಪೆಟ್ಟೂ ಇಲ್ಲ. ಆಮೇಲೆ ಹಿತ್ತಾಳೆ. ಉಕ್ಕಿಗೆ ಮಸೆದ ಚೂಪು ಟೂಲನ್ನು ಹಿತ್ತಾಳೆಗೆ ಹಿಡಿದರೆ ಅದು ಕಚ್ಚಿ ಒಳಗೆ ಎಳೆದುಕೊಳ್ಳುತ್ತದೆ. ತಲೆ ಸಪಾಟಾದ ಟೂಲು ಬೇಕು, ಇದು ನುರಿತ ಟರ್ನರಿಗೆ ಗೊತ್ತೇ ಇರುತ್ತದೆ. ಕೂರಿಸುವಾಗ ಥ್ರೆಡ್ಡಿಗೆ ಮೇಣದಬತ್ತಿ ಸವರಿ, ಮೊದಲು ಹಿಮ್ಮುಖವಾಗಿ ತಿರುಗಿಸುತ್ತ ‘ಟಕ್’ ಎಂದು ಕೂತ ಮೇಲೆ ಮುಮ್ಮುಖವಾಗಿ ಬಿಗಿಸಿ. ದೊಡ್ಡ ಲೆನ್ಸುಗಳು ಎರಡು ಕಿಲೋ ದಾಟುತ್ತವೆ, ಹಲಗೆ ತೆಳ್ಳಗಿದ್ದರೆ ಮೂಗು ಕೆಳಗಾಗುತ್ತದೆ. ಸಾಗವಾನಿಯ ಮೂರು ಪದರವನ್ನು ಎಳೆ ಅಡ್ಡಡ್ಡ ಬರುವಂತೆ ಅಂಟಿಸಿದರೆ ಮಳೆಗಾಲಕ್ಕೂ ಸೊಟ್ಟಗಾಗದು.

ಕೂತ ಮೇಲೆ ಫೋಕಲ್ ದೂರ (ದೂರದ ವಸ್ತುವಿನ ಬಿಂಬ ಲೆನ್ಸಿನಿಂದ ಎಷ್ಟು ದೂರದಲ್ಲಿ ಚೂಪಾಗಿ ಮೂಡುತ್ತದೆಂಬ ಅಳತೆ) ಅಳೆಯಿರಿ, ಮೇಲೆ ಕೆತ್ತಿದ್ದನ್ನು ನಂಬಬೇಡಿ. ದೂರದ ಮರಕ್ಕೆ ಫೋಕಸ್ ಮಾಡಿ, ಕ್ಯಾಮೆರಾದ ಹಿಂದೆ ಬಿಂಬ ಮೂಡುವ ಮಸುಕು ಗಾಜಿನ ಜಾಗ ಗುರುತಿಸಿ. ಆಮೇಲೆ ಒಂದು ಸ್ಕೇಲು ಗಾಜಿನ ಮೇಲೆ ತನ್ನಷ್ಟೇ ದೊಡ್ಡದಾಗಿ ಕಾಣುವವರೆಗೆ ಎಳೆದು ಮತ್ತೆ ಗುರುತಿಸಿ. ಎರಡರ ಅಂತರವೇ ಫೋಕಲ್ ದೂರ. 300 ಮಿಲಿಮೀಟರಿನ ಎಫ್/4 ಲೆನ್ಸಿನಿಂದ ಆರು ಅಡಿ ದೂರದ ಮುಖ ತೆಗೆದರೆ ಚುರುಕಾಗಿ ಬರುವುದು ಎರಡು-ಮೂರು ಸೆಂಟಿಮೀಟರ್ ಆಳವಷ್ಟೇ. ಕಣ್ಣು ಸ್ಪಷ್ಟ, ಕಿವಿಯಾಗಲೇ ಮಂಜು. ಕೊಳವೆಯ ಮೇಲಿನ ಉದ್ದ ಸೀಳು ಒಡೆದದ್ದಲ್ಲ. ಬೆಳಕು ಕಡಿಮೆ ಮಾಡುವ ತೂತಿನ ತಗಡುಗಳನ್ನು ಅಲ್ಲಿ ಇಳಿಸುತ್ತಾರೆ. 1858ರಲ್ಲಿ ಜಾನ್ ವಾಟರ್‌ಹೌಸ್ ಹೇಳಿದ ಉಪಾಯವಿದು, ಕಪ್ಪು ರಟ್ಟಿನಲ್ಲೂ ಕತ್ತರಿಸಿಕೊಳ್ಳಬಹುದು.

ಈ ಲೆನ್ಸಿನ ಚಿತ್ರ ಸಪಾಟಾಗಿ ಬೀಳುವುದಿಲ್ಲ, ಬೋಗುಣಿಯಂತೆ ಬಾಗಿ ಬೀಳುತ್ತದೆ. ಗುಡಿಯ ಗೋಡೆ ತೆಗೆದರೆ ನಡು ಚೂಪು, ಅಂಚು ಕಲಸು. ನಮ್ಮ ಸೀಮೆಯ ಗುಡಿಗಳನ್ನು 1850ರ ದಶಕದಲ್ಲೇ ಕ್ಯಾಮೆರಾದಲ್ಲಿ ಹಿಡಿದ ಡಾಕ್ಟರ್ ಪಿಗೌ, ತೋಪುಖಾನೆಯ ಅಧಿಕಾರಿ ಬಿಗ್ಸ್ ಮೊದಲಾದವರ ಚಿತ್ರಗಳು 1866ರಲ್ಲಿ ಧಾರವಾಡ-ಮೈಸೂರು ವಾಸ್ತುಶಿಲ್ಪದ ಗ್ರಂಥವಾಗಿ ಲಂಡನ್ನಿನಲ್ಲಿ ಬಂದವು. ಅಂಥ ಕೆಲಸಕ್ಕೆ ಸಣ್ಣ ಬಾಯಿಯ, ನಿಧಾನದ ಲೆನ್ಸೇ ಸರಿ, ಕಲ್ಲಿಗೆ ಅವಸರವಿಲ್ಲ. ಗುಂಪಿನ ಫೋಟೋಕ್ಕೆ ಹಳೆಯ ಸ್ಟುಡಿಯೋದವರು ಸಾಲಿನ ಎರಡೂ ತುದಿಯವರನ್ನು ಕ್ಯಾಮೆರಾದ ಕಡೆ ತುಸು ಮುಂದೆ ಕೂರಿಸಿ, ಚಿತ್ರದ ಬಾಗಿಗೆ ಸಾಲನ್ನೇ ಬಾಗಿಸುತ್ತಿದ್ದರು. ಮುಖದ ಹಿಂದೆ ಎಲೆಗಳು ಸುಳಿಯಂತೆ ತಿರುಗುವ ಚಿತ್ರಗಳಿಗೆ ಈಗ ಹುಚ್ಚೆದ್ದ ಬೇಡಿಕೆ. ಓರೆಯಾಗಿ ಬಂದ ಬೆಳಕನ್ನು ಉದ್ದ ಕೊಳವೆ ಎರಡೂ ಕಡೆ ಕತ್ತರಿಸುವುದು, ಅಂಚಿನಲ್ಲಿ ಲೆನ್ಸಿನ ದೋಷ ಬಿಂದುವನ್ನು ಗೆರೆಯಾಗಿ ಎಳೆಯುವುದು, ಎರಡೂ ಸೇರಿ ಆ ಸುಳಿ. ಹಳಬರು ಇದು ಕಾಣಬಾರದೆಂದೇ ಹಿಂದೆ ಬರೀ ಪರದೆ ಕಟ್ಟುತ್ತಿದ್ದರು. ನನ್ನ ಓಟು ಪರದೆಗೇ.

ಶಟರು ಇಲ್ಲವೆಂದು ಹೆದರಬೇಕಿಲ್ಲ, ಮುಚ್ಚಳ ತೆಗೆದು ಮುಚ್ಚಿದರಾಯಿತು. ಆದರೆ ಎಫ್/4ರಲ್ಲಿ ಈಗಿನ ಚುರುಕು ಫಿಲ್ಮಿಗೆ ಕೈಯ ವೇಗ ಸಾಲದು. ಫೋಟೋ ಕಾಗದವನ್ನೇ ನೆಗೆಟಿವ್ ಮಾಡಿಕೊಂಡರೆ ನೆರಳಿನಲ್ಲಿ ಸೆಕೆಂಡುಗಳ ಲೆಕ್ಕಕ್ಕೆ ಬರುತ್ತದೆ, ಕೆಂಪು ದೀಪದಲ್ಲಿ ನೋಡುತ್ತ ತೊಳೆಯಲೂಬಹುದು. ಬೆಲೆ ಕಡಿಮೆಯೆಂದು ಎಕ್ಸ್‌ರೇ ಫಿಲ್ಮನ್ನು ಕತ್ತರಿಸಿ ಹಾಕುವವರೂ ಇದ್ದಾರೆ. ಎರಡೂ ಮೈಗೆ ಎಮಲ್ಶನ್ (ಬೆಳಕು ಹಿಡಿಯುವ ಲೇಪ) ಇರುವ ತಳಿಗಳು ಟ್ರೇಯಲ್ಲಿ ಬೇಗ ಗೀರುತ್ತವೆ. ಕಾಗದಕ್ಕಾಗಲಿ ಎಕ್ಸ್‌ರೇ ಫಿಲ್ಮಿಗಾಗಲಿ ಕೆಂಪು ಕಾಣುವುದಿಲ್ಲ. ನಮ್ಮ ಮೈಬಣ್ಣದಲ್ಲಿ ಇರುವುದೇ ಕೆಂಪು-ಹಳದಿಯ ಪಾಲು ಹೆಚ್ಚು, ಹಾಗಾಗಿ ಮುಖ ಇದ್ದದ್ದಕ್ಕಿಂತ ಕಪ್ಪಾಗಿ, ತುಟಿ ಇನ್ನೂ ಕಪ್ಪಾಗಿ ಬರುತ್ತದೆ. ಹಿಂದಿನ ಸ್ಟುಡಿಯೋದವರು ನೆಗೆಟಿವ್ ಮೇಲೆ ಸೀಸದಕಡ್ಡಿಯಿಂದ ಗಂಟೆಗಟ್ಟಲೆ ತಿದ್ದುತ್ತಿದ್ದುದಕ್ಕೆ ಇದೂ ಒಂದು ಕಾರಣ. ತಿದ್ದುವ ಕೈ ಇಲ್ಲದವರು ಬೆಳಕಿನ ಮೀಟರ್ ಹೇಳಿದ್ದಕ್ಕಿಂತ ದುಪ್ಪಟ್ಟು ಹೊತ್ತು ಮುಚ್ಚಳ ತೆಗೆದಿಡಿ, ಬಿಳಿ ಅಂಗಿ ಹಾಕಿಕೊಂಡು ಬಂದವರಿಗೆ ಬೇರೆ ಅಂಗಿ ತೊಡಲು ಹೇಳಿ.