ಗಂಡು ಗೌರಾಮಿಯ ನೊರೆಗೂಡು, ಉಸಿರಿಗಾಗಿ ಮೇಲೆ ಬರುವ ಹೆಣ್ಣು

ಕಳೆದ ಬೇಸಿಗೆಯಲ್ಲಿ ಮೈಸೂರಿನ ಮನೆಯೊಂದರಲ್ಲಿ, ಎರಡು ಅಡಿ ಉದ್ದದ ಅಕ್ವೇರಿಯಂ ಮುಂದೆ ಕುರ್ಚಿ ಹಾಕಿಕೊಂಡು ಹತ್ತು ನಿಮಿಷ ಏನೂ ಮಾಡದೆ ಕುಳಿತಿದ್ದೆ. ಒಳಗೆ ಎರಡೇ ಗೌರಾಮಿಗಳಿದ್ದವು, ನೀಲಿ ಬಣ್ಣದ ಒಂದು ಗಂಡು ಮತ್ತು ಹೊಂಬಣ್ಣದ ಒಂದು ಹೆಣ್ಣು. ಹೆಣ್ಣು ಫಿಲ್ಟರ್ ಕೊಳವೆಯ ಹಿಂದೆ, ಗಾಜಿನ ಮೂಲೆಗೆ ಒತ್ತಿಕೊಂಡು, ತಲೆಯನ್ನು ತುಸು ಮೇಲಕ್ಕೆತ್ತಿ ನಿಂತಿತ್ತು. ಅದರ ಬಾಲದ ರೆಕ್ಕೆ ಹರಿದು ಎಳೆಎಳೆಯಾಗಿತ್ತು. ಎಡ ಪಕ್ಕೆಯಲ್ಲಿ ನಾಲ್ಕೈದು ಹುರುಪೆಗಳು ಉದುರಿ ಒಳಗಿನ ಬಿಳಿ ಚರ್ಮ ಕಾಣುತ್ತಿತ್ತು. ಎದೆಯ ಕೆಳಗಿನ ನೂಲಿನಂಥ ಎರಡು ಮೀಸೆಗಳಲ್ಲಿ ಒಂದು ಅರ್ಧಕ್ಕೇ ತುಂಡಾಗಿತ್ತು. ಆ ಹತ್ತು ನಿಮಿಷಗಳಲ್ಲಿ ಅದು ಏಳು ಬಾರಿ ನೀರಿನ ಮೇಲ್ಮೈಗೆ ಬರಲು ಯತ್ನಿಸಿತು, ಮೂರು ಬಾರಿ ಗಂಡು ಅಡ್ಡ ಬಂದು ಅದನ್ನು ಅರ್ಧದಾರಿಯಿಂದಲೇ ಕೆಳಕ್ಕೆ ಅಟ್ಟಿತು. ಗಂಡು ಬಹಳ ಸಿಟ್ಟಿನ ಮೀನು, ಅದನ್ನು ಬದಲಾಯಿಸಬೇಕೇ ಎಂದು ಕೇಳಲು ಮನೆಯವರು ನನ್ನನ್ನು ಕರೆಸಿದ್ದರು. ಮೀನನ್ನು ಬದಲಾಯಿಸುವ ಮೊದಲು ನೀರಿನ ಮೇಲ್ಮೈಯನ್ನು ಬದಲಾಯಿಸೋಣ ಎಂದು ನಾನು ಹೇಳಿದೆ.

ಈ ಮಾತಿನ ಅರ್ಥ ತಿಳಿಯಬೇಕಾದರೆ ಗೌರಾಮಿ ಹೇಗೆ ಉಸಿರಾಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಬಹುಪಾಲು ಮೀನುಗಳಿಗೆ ಕಿವಿರು ಒಂದೇ ಸಾಕು. ಗೌರಾಮಿಗಳಿಗೆ ಕಿವಿರಿನ ಮೇಲ್ಭಾಗದಲ್ಲಿ, ತಲೆಯೊಳಗಿನ ಪುಟ್ಟ ಕೋಣೆಯಲ್ಲಿ, ಮಡಿಕೆ ಮಡಿಕೆಯಾದ ಇನ್ನೊಂದು ಉಸಿರಾಟದ ಅಂಗವಿದೆ. ಅದಕ್ಕೆ ಲ್ಯಾಬಿರಿಂತ್ ಎಂದು ಹೆಸರು. ಆಮ್ಲಜನಕ ತೀರ ಕಡಿಮೆಯಿರುವ ಕೆಸರು ನೀರಿನಲ್ಲಿ, ಬೇಸಿಗೆಯಲ್ಲಿ ಕಾದ ಹೊಂಡಗಳಲ್ಲಿ ಇವು ಬದುಕುಳಿಯುವುದು ಮೇಲ್ಮೈಗೆ ಬಂದು ಬಾಯಿತುಂಬ ಗಾಳಿ ಹೀರಿ, ಆ ಗಾಳಿಯನ್ನು ಈ ಅಂಗಕ್ಕೆ ತುಂಬಿಕೊಳ್ಳುವುದರಿಂದ. ಹಾಗಾಗಿ ತೊಟ್ಟಿಯಲ್ಲಿ ಏರ್ ಪಂಪ್ ಎಷ್ಟೇ ಗುಳ್ಳೆ ಹೊರಡಿಸಲಿ, ಗೌರಾಮಿ ಕೆಲವು ನಿಮಿಷಗಳಿಗೊಮ್ಮೆ ಮೇಲೆ ಬಂದೇ ಬರುತ್ತದೆ. ಅದು ಬರುವ ಆ ಮೇಲ್ಮೈಯಲ್ಲೇ ಗಂಡು ತನ್ನ ಗೂಡು ಕಟ್ಟಿರುತ್ತದೆ.

ಗಂಡು ಗೌರಾಮಿ ಬಾಯಿಂದ ಗಾಳಿಗುಳ್ಳೆಗಳನ್ನು ಲೋಳೆಯಲ್ಲಿ ಸುತ್ತಿ ಉಗುಳುತ್ತಾ, ನೀರಿನ ಮೇಲೆ ಅಂಗೈಯಗಲದ ನೊರೆಗೂಡನ್ನು ಕಟ್ಟುತ್ತದೆ. ಡ್ವಾರ್ಫ್ ಗೌರಾಮಿಯಂತೂ ಗಿಡದ ತುಣುಕುಗಳನ್ನು ಕಚ್ಚಿ ತಂದು ನೊರೆಯೊಳಗೆ ನೇಯ್ದು ಗೂಡನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಆ ಕೆಲಸವನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಗೂಡು ಕಟ್ಟಿದ ಮೇಲೆ ಅದರ ಸುತ್ತಲಿನ ಜಾಗವೆಲ್ಲ ಗಂಡಿನದೇ. ಮೊಟ್ಟೆ ಬಲಿತ ಹೆಣ್ಣಿಗೆ ಅಲ್ಲಿ ಸ್ವಾಗತವಿರುತ್ತದೆ. ಬಲಿಯದ ಹೆಣ್ಣು ಗಂಡಿನ ಲೆಕ್ಕದಲ್ಲಿ ಮೊಟ್ಟೆ ಕದಿಯಲು ಬಂದ ಪರಕೀಯ ಮೀನು. ಬಯಲಿನ ನೀರಿನಲ್ಲಿ ಇದರಿಂದ ಯಾರಿಗೂ ಹಾನಿಯಿಲ್ಲ. ಡ್ವಾರ್ಫ್ ಗೌರಾಮಿ, ಹನಿ ಗೌರಾಮಿ ಎರಡೂ ಗಂಗಾ–ಬ್ರಹ್ಮಪುತ್ರಾ ಬಯಲಿನ ಮೀನುಗಳು. ಟಿಪ್ಪುವಿನ ಪತನದ ನಂತರ, 1800–01ರಲ್ಲಿ ಮೈಸೂರು ಸೀಮೆಯನ್ನೂ ಕನ್ನಡ ಕರಾವಳಿಯನ್ನೂ ಸುತ್ತಿ ಊರೂರಿನ ಬೆಳೆ, ಕಸುಬುಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಅವರೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ, 1822ರಲ್ಲಿ, ಈ ಎರಡು ಮೀನುಗಳನ್ನೂ ವಿಜ್ಞಾನಕ್ಕೆ ಮೊದಲು ಪರಿಚಯಿಸಿದವರು. ಮಳೆಗಾಲದಲ್ಲಿ ಕೆರೆ, ಕಾಲುವೆ, ಗದ್ದೆಗಳೆಲ್ಲ ತುಂಬಿ ಹರಡಿಕೊಂಡಿರುವ ಅಂಥ ನೀರಿನಲ್ಲಿ, ಅಟ್ಟಿಸಿಕೊಂಡ ಹೆಣ್ಣು ನಾಲ್ಕು ಮಾರು ಆಚೆ ಹೋಗಿ ಹುಲ್ಲಿನ ನಡುವೆ ಮೂತಿ ಎತ್ತಿ ಉಸಿರಾಡಿಕೊಂಡರೆ ಜಗಳ ಅಲ್ಲಿಗೆ ಮುಗಿಯುತ್ತದೆ. ಎರಡು ಅಡಿಯ ಗಾಜಿನ ಪೆಟ್ಟಿಗೆಯಲ್ಲಿ ಆ ನಾಲ್ಕು ಮಾರು ಎಲ್ಲಿದೆ? ಓಡಿದ ಹೆಣ್ಣನ್ನು ಗಾಜು ಮತ್ತೆ ಗಂಡಿನ ಎದುರಿಗೇ ತಂದು ನಿಲ್ಲಿಸುತ್ತದೆ. ‘ಹೋಗು’ ಎಂದರೂ ಹೋಗದ ಮೀನನ್ನು ಕಂಡು ಗಂಡು ಮತ್ತಷ್ಟು ಕೆರಳುತ್ತದೆ.

ಇಷ್ಟು ತಿಳಿದ ಮೇಲೆ, ಗೌರಾಮಿ ಸಾಕುವವರಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಯಾವುದೆಂದು ಹೇಳುವುದು ಸುಲಭ. ಹೆಣ್ಣಿಗೆ ಅಡಗಲು ಜಾಗ ಬೇಕೆಂದು ಅವರು ಮಣ್ಣಿನ ಕುಡಿಕೆ, ತೆಂಗಿನ ಚಿಪ್ಪು, ಕಲ್ಲಿನ ಗುಹೆಗಳನ್ನು ತಂದು ತಳದಲ್ಲಿ ಇಡುತ್ತಾರೆ. ತಳದಲ್ಲಿ ವಾಸಿಸುವ ಮೀನಿಗೆ ಅದು ಆಸರೆ ನಿಜ, ಆದರೆ ಗೌರಾಮಿ ಅಲ್ಲಿ ಎಷ್ಟು ಹೊತ್ತು ಅಡಗಿದರೂ ಉಸಿರಿಗೆ ಮೇಲೆ ಬರಲೇಬೇಕು, ಬಂದಾಗ ಗಂಡಿನ ಕಣ್ಣಿಗೆ ಬೀಳಲೇಬೇಕು. ಆದ್ದರಿಂದ ಹೆಣ್ಣಿಗೆ ಬೇಕಾದ ಆಸರೆ ನೀರಿನ ಮೇಲ್ಮೈಯಲ್ಲಿ, ಗೂಡಿನಿಂದ ಅತಿ ದೂರದ ಮೂಲೆಯಲ್ಲಿ ಇರಬೇಕು. ತೇಲುವ ಗಿಡಗಳ ದಟ್ಟ ಗುಂಪೊಂದನ್ನು ಆ ಮೂಲೆಯಲ್ಲಿ ಬಿಡಿ. ನಮ್ಮ ಕೆರೆಗಳಲ್ಲಿ ತೇಲುವ, ಎಲೆಕೋಸಿನಂತೆ ಕಾಣುವ ಪಿಸ್ಟಿಯಾ ಆದೀತು, ಹೈಡ್ರಿಲ್ಲಾವನ್ನು ಬೇರೂರಿಸದೆ ಹಾಗೆಯೇ ತೇಲಿಬಿಟ್ಟರೂ ಆದೀತು. ಕೆರೆಯಿಂದ ತಂದ ಗಿಡವನ್ನು ಬೇರೆ ಬಕೆಟ್ಟಿನಲ್ಲಿ ಒಂದೆರಡು ವಾರ ಇಟ್ಟು, ಬಸವನಹುಳು, ಮೀನಿನ ಹೇನು ಇಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಬಳಸಬೇಕು. ತೇಲುಗಿಡಗಳು ತೊಟ್ಟಿಯ ತುಂಬ ಹರಡದಂತೆ ಏರ್ ಪಂಪಿನ ಸಣ್ಣ ಪೈಪನ್ನು ಅಡ್ಡಲಾಗಿ ತೇಲಿಸಿ ಬೇಲಿ ಹಾಕಿ, ಮೇಲ್ಮೈಯ ಮೂರನೇ ಒಂದು ಭಾಗವನ್ನು ಹೆಣ್ಣಿಗೆಂದು ಕಾಯ್ದಿರಿಸಿ. ಆ ಬೇರುಗಳ ನಡುವೆ ನಿಂತು, ಗಂಡಿಗೆ ಕಾಣದಂತೆ, ಮೂತಿಯನ್ನಷ್ಟೇ ಹೊರಹಾಕಿ ಉಸಿರಾಡುವುದನ್ನು ಹೆಣ್ಣು ಒಂದೇ ದಿನದಲ್ಲಿ ಕಲಿಯುತ್ತದೆ. ಇದರ ಜೊತೆಗೆ ತೊಟ್ಟಿಯ ನಡುಭಾಗದಲ್ಲಿ ವ್ಯಾಲಿಸ್ನೇರಿಯಾದಂಥ ಉದ್ದನೆಯ ಗಿಡಗಳನ್ನೋ ತಳದಿಂದ ಮೇಲ್ಮೈವರೆಗೆ ಏರುವ ಮರದ ಕೊರಡನ್ನೋ ನಿಲ್ಲಿಸಿ, ಒಂದು ತುದಿಯಿಂದ ಇನ್ನೊಂದು ತುದಿ ಕಾಣದಂತೆ ಮಾಡಬೇಕು. ಇಡೀ ತೊಟ್ಟಿಯನ್ನು ಒಂದೇ ನೋಟದಲ್ಲಿ ಕಾಣಬಲ್ಲ ಗಂಡು ಇಡೀ ತೊಟ್ಟಿಯನ್ನೇ ತನ್ನದೆಂದುಕೊಳ್ಳುತ್ತದೆ.

ತೊಟ್ಟಿಯ ಅಳತೆಯ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ಏಳೆಂಟು ಸೆಂಟಿಮೀಟರ್ ಮೀರದ ಡ್ವಾರ್ಫ್ ಗೌರಾಮಿಯ, ಅಥವಾ ಅದಕ್ಕಿಂತ ಸಾಧುವಾದ ಹನಿ ಗೌರಾಮಿಯ ಒಂದು ಜೋಡಿಗೆ ಅದು ಕನಿಷ್ಠ. ಅಂಗಡಿಗಳಲ್ಲಿ ನೀಲಿ, ಗೋಲ್ಡ್, ಓಪಲೈನ್ ಎಂಬ ಹೆಸರುಗಳಲ್ಲಿ ಸಿಗುವ ಮೀನು ಹದಿನೈದು ಸೆಂಟಿಮೀಟರ್‌ವರೆಗೆ ಬೆಳೆಯಬಲ್ಲದು. ಅದಕ್ಕೆ ಮೂರು ಅಡಿ ಉದ್ದದ, ನೂರಿಪ್ಪತ್ತು ಲೀಟರ್‌ಗೆ ಕಡಿಮೆಯಿಲ್ಲದ ತೊಟ್ಟಿ ಬೇಕು. ಇಲ್ಲಿ ಎತ್ತರಕ್ಕಿಂತ ಉದ್ದ ಮುಖ್ಯ. ಇನ್ನೂ ಒಂದು ಮಾತನ್ನು ಒತ್ತಿ ಹೇಳಬೇಕು: ನೀಲಿ, ಗೋಲ್ಡ್, ಓಪಲೈನ್ ಬೇರೆ ಬೇರೆ ಜಾತಿಗಳಲ್ಲ. ಅವೆಲ್ಲವೂ ಆಗ್ನೇಯ ಏಷ್ಯಾ ಮೂಲದ ತ್ರೀ ಸ್ಪಾಟ್ ಗೌರಾಮಿಯ ಬಣ್ಣಭೇದಗಳು. ಮೂರು ಬಗೆ ಮೂರು ಮೀನು ಎಂದು ತಂದವರ ಮನೆಯಲ್ಲಿ ವಾಸ್ತವವಾಗಿ ಒಂದೇ ಜಾತಿಯ, ಒಂದೇ ಗೂಡಿನ ಜಾಗಕ್ಕೆ ಪೈಪೋಟಿ ನಡೆಸುವ ಮೂರು ಮೀನುಗಳಿರುತ್ತವೆ.

ಗಂಡು–ಹೆಣ್ಣು ಎಂದುಕೊಂಡ ಜೋಡಿ ಎರಡೂ ಗಂಡೇ ಆಗಿರುವುದೂ ಅಪರೂಪವಲ್ಲ. ಡ್ವಾರ್ಫ್ ಗೌರಾಮಿಯ ಹೆಣ್ಣು ಬೆಳ್ಳಿಬಣ್ಣದ ಸಪ್ಪೆ ಮೀನಾದ್ದರಿಂದ ಮಾರಾಟಕ್ಕೆ ಬರುವುದೇ ಕಡಿಮೆ; ಕೆಂಪಿನದೊಂದು, ನೀಲಿಯದೊಂದು ತಂದು ಜೋಡಿಯೆಂದು ಭಾವಿಸುವವರು ಬಹಳ. ಬಣ್ಣವನ್ನು ಬಿಟ್ಟು ಬೆನ್ನಿನ ಮೇಲಿನ ರೆಕ್ಕೆಯನ್ನು ನೋಡಬೇಕು. ಬೆಳೆದ ಗಂಡಿನಲ್ಲಿ ಅದು ಉದ್ದವಾಗಿ, ಹಿಂದಕ್ಕೆ ಚೂಪಾಗಿ ಇಳಿದಿರುತ್ತದೆ. ಹೆಣ್ಣಿನಲ್ಲಿ ಗಿಡ್ಡವಾಗಿ, ತುದಿ ದುಂಡಗಿರುತ್ತದೆ.

ಎಲ್ಲ ಅಟ್ಟಾಟವೂ ಹಿಂಸೆಯಲ್ಲ ಎಂಬುದನ್ನೂ ಹೇಳಬೇಕು. ಪ್ರಣಯದಲ್ಲಿರುವ ಗಂಡು ರೆಕ್ಕೆಗಳನ್ನೆಲ್ಲ ಬಿಚ್ಚಿ, ಹೆಣ್ಣಿನ ಮುಂದೆ ಮೈ ಬಳುಕಿಸಿ, ಎರಡು ಹೆಜ್ಜೆ ಗೂಡಿನ ಕಡೆಗೆ ಹೋಗಿ, ಹೆಣ್ಣು ಬಂತೇ ಎಂದು ನೋಡಲು ಮತ್ತೆ ಹಿಂದಿರುಗುತ್ತದೆ. ಹೊಟ್ಟೆ ತುಂಬಿಕೊಂಡ ಹೆಣ್ಣು ತಾನಾಗಿ ಗೂಡಿನ ಕೆಳಗೆ ಬಂದು ಮೂತಿಯಿಂದ ಗಂಡಿನ ಪಕ್ಕೆಯನ್ನು ತಿವಿಯುತ್ತದೆ. ನಡುನಡುವೆ ಗಂಡು ಅಟ್ಟಿದರೂ ಗೂಡಿನ ಎಲ್ಲೆಯಲ್ಲಿ ನಿಂತುಬಿಡುತ್ತದೆ. ಎಲ್ಲೆ ದಾಟಿ, ತೊಟ್ಟಿಯ ಇನ್ನೊಂದು ತುದಿಯವರೆಗೂ ಬೆನ್ನಟ್ಟಿ ಕಚ್ಚಿದರೆ, ಹೆಣ್ಣು ರೆಕ್ಕೆ ಮುದುಡಿಕೊಂಡು ಬಣ್ಣ ಮಂಕಾಗಿ ಮೂಲೆಯಲ್ಲೇ ಉಳಿದರೆ, ಆಹಾರ ಹಾಕಿದಾಗಲೂ ಮೇಲೆ ಬರದಿದ್ದರೆ, ಆಗ ನಾವು ಕೈಹಾಕಲೇಬೇಕು. ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನಿನ್ನೆ ಹೆಣ್ಣು ಊಟ ಮಾಡಿತೇ?

ಇಂಥ ಕರೆಗಳು ನನಗೆ ಮಾರ್ಚ್‌ನಿಂದ ಮೇವರೆಗೆ ಹೆಚ್ಚು ಬರುತ್ತವೆ, ‘ಆರು ತಿಂಗಳಿಂದ ಚೆನ್ನಾಗಿಯೇ ಇದ್ದವು’ ಎಂಬ ಮಾತಿನೊಂದಿಗೆ. ನೀರಿನ ಉಷ್ಣತೆ 27, 28 ಡಿಗ್ರಿ ತಲುಪಿದಾಗ, ಆವಿಯಾಗಿ ನೀರಿನ ಮಟ್ಟ ಇಳಿದಾಗ, ಜೀವಂತ ಆಹಾರ ಧಾರಾಳವಾಗಿ ಸಿಕ್ಕಾಗ ಗಂಡಿಗೆ ಅದು ಮರಿ ಮಾಡುವ ಕಾಲವೆಂಬ ಸೂಚನೆ. ಬೇಸಿಗೆಯಲ್ಲಿ ಹೀಟರ್ ಆರಿಸಿ, ತೊಟ್ಟಿಯನ್ನು ಕಿಟಕಿಯ ಬಿಸಿಲಿನಿಂದ ಸರಿಸಿ, ಉಷ್ಣತೆಯನ್ನು 24–25ಕ್ಕೆ ಹತ್ತಿರ ಇರಿಸಿದರೆ ಗಂಡಿನ ಆವೇಶ ಗಮನಾರ್ಹವಾಗಿ ತಗ್ಗುತ್ತದೆ. ಗೂಡನ್ನು ದಿನವೂ ಕದಡಿ ಹಾಳು ಮಾಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಗಂಡು ಕೆಲವೇ ಗಂಟೆಗಳಲ್ಲಿ ಮತ್ತೊಂದು ಗೂಡು ಕಟ್ಟುತ್ತದೆ, ಸದಾ ಗೂಡು ಕಟ್ಟುವ ಹಂತದಲ್ಲೇ ಉಳಿದು ಇನ್ನಷ್ಟು ಕಟುವಾಗುತ್ತದೆ.

ಗಾಯ ಆಗಿಹೋಗಿದ್ದರೆ ಯಾವ ಮೀನನ್ನು ಹೊರತೆಗೆಯಬೇಕು? ಬಹುತೇಕ ಎಲ್ಲರೂ ಕರುಣೆಯಿಂದ ಹೆಣ್ಣನ್ನು ತೆಗೆದು ಬಕೆಟ್ಟಿಗೆ ಹಾಕುತ್ತಾರೆ, ಅದು ಚೇತರಿಸಿಕೊಂಡ ಮೇಲೆ ಮತ್ತೆ ಅದೇ ತೊಟ್ಟಿಗೆ ಬಿಡುತ್ತಾರೆ. ಅಷ್ಟರಲ್ಲಿ ಗಂಡು ಇಡೀ ತೊಟ್ಟಿಯ ಒಡೆಯನಾಗಿರುತ್ತದೆ, ಹೆಣ್ಣು ಹೊಸದಾಗಿ ನುಗ್ಗಿದ ಮೀನಾಗಿರುತ್ತದೆ, ಹಲ್ಲೆ ಮೊದಲಿಗಿಂತ ಕ್ರೂರವಾಗುತ್ತದೆ. ಗಾಯ ಹಗುರವಾಗಿದ್ದರೆ ಹೆಣ್ಣನ್ನು ಅಲ್ಲಿಯೇ ಬಿಟ್ಟು ಗಂಡನ್ನು ಐದಾರು ದಿನ ಹೊರಗಿಡಿ. ಆ ಅವಧಿಯಲ್ಲಿ ಗಿಡ, ಕೊರಡುಗಳ ಜಾಗವನ್ನೆಲ್ಲ ಬದಲಾಯಿಸಿ, ಹೆಣ್ಣು ಹೊಸ ವಿನ್ಯಾಸಕ್ಕೆ ಒಗ್ಗಿಕೊಳ್ಳಲು ಬಿಡಿ. ಕೊನೆಗೆ, ದೀಪ ಆರಿಸಿದ ಮೇಲೆ ರಾತ್ರಿ ಹೊತ್ತಿನಲ್ಲಿ ಗಂಡನ್ನು ಮರಳಿ ಬಿಡಿ. ಆಗ ಹೊಸಬನಾಗುವುದು ಗಂಡಿನ ಸರದಿ. ಗಾಯ ಆಳವಾಗಿದ್ದರೆ ಮಾತ್ರ ಹೆಣ್ಣನ್ನು ಬೇರೆ ಟಬ್ಬಿಗೆ ಹಾಕಿ, ಲೀಟರ್‌ಗೆ ಒಂದು ಗ್ರಾಂನಂತೆ ಅಯೋಡಿನ್ ಬೆರೆಸದ ಕಲ್ಲುಪ್ಪು ಕರಗಿಸಿ, ದಿನವೂ ಕಾಲು ಭಾಗ ನೀರು ಬದಲಿಸಬೇಕು. ಹೊಸದಾಗಿ ಹಾಕುವ ನೀರಿಗೂ ಅದೇ ಪ್ರಮಾಣದ ಉಪ್ಪಿರಲಿ. ರಸ್ತೆ ಬದಿಯ ಬಾದಾಮಿ ಮರದ ಒಣಗಿ ಉದುರಿದ ಎಲೆಯೊಂದನ್ನು ತೊಳೆದು ನೀರಿನಲ್ಲಿ ತೇಲಿಬಿಟ್ಟರೆ ಮೀನಿಗೆ ನೆರಳೂ ಆಯಿತು, ಆ ಎಲೆ ಬಿಡುವ ಕಂದು ಒಗರು ನೀರೂ ಹಿತ. ಟಬ್ಬಿಗೆ ಮುಚ್ಚಳ ಮರೆಯಬಾರದು. ಹೆದರಿದ ಗೌರಾಮಿ ಚೆನ್ನಾಗಿ ಜಿಗಿಯುತ್ತದೆ.

ಒಂದು ಗಂಡಿಗೆ ಎರಡು ಅಥವಾ ಮೂರು ಹೆಣ್ಣು ಎಂಬ ಪ್ರಸಿದ್ಧ ಸೂತ್ರ ಸರಿಯೇ, ಏಕೆಂದರೆ ಹಲ್ಲೆ ಒಂದೇ ಮೀನಿನ ಮೇಲೆ ಬೀಳದೆ ಹಂಚಿಹೋಗುತ್ತದೆ. ಆದರೆ ಇಕ್ಕಟ್ಟಾದ ತೊಟ್ಟಿಗೆ ಇನ್ನೊಂದು ಹೆಣ್ಣನ್ನು ತಂದು ಹಾಕಿದರೆ ಮೂಲೆ ಹಿಡಿಯುವ ಮೀನು ಎರಡಾಗುತ್ತವೆ, ಅಷ್ಟೇ. ದೊಡ್ಡ ಹೆಣ್ಣು ಸಣ್ಣ ಹೆಣ್ಣನ್ನು, ಕೆಲವೊಮ್ಮೆ ಎಳೆಯ ಗಂಡನ್ನೂ ಕಾಡುವುದನ್ನು ತ್ರೀ ಸ್ಪಾಟ್‌ಗಳಲ್ಲಿ ಕಂಡಿದ್ದೇನೆ. ಶಾಂತ ಸ್ವಭಾವದ ರಾಸ್ಬೋರಾಗಳ ಗುಂಪೊಂದು ಜೊತೆಗಿದ್ದರೆ ಗಂಡಿನ ಗಮನ ಚದುರುತ್ತದೆ. ಗೌರಾಮಿಯ ಮೀಸೆ ಕಡಿಯುವ ಟೈಗರ್ ಬಾರ್ಬ್ ಬೇಡವೇ ಬೇಡ.

ಮರಿ ಮಾಡಿಸಬೇಕೆಂದವರಿಗೆ ಒಂದೇ ಎಚ್ಚರಿಕೆ. ಮೊಟ್ಟೆಯಿಡುವ ಹೊತ್ತಿನಲ್ಲಿ ಗಂಡು ಹೆಣ್ಣನ್ನು ಗೂಡಿನ ಕೆಳಗೆ ಸುತ್ತಿ ಅಪ್ಪಿಕೊಳ್ಳುವ ದೃಶ್ಯ ಎಷ್ಟು ಸುಂದರವೋ, ಅದು ಮುಗಿದ ನಂತರದ ಗಂಟೆಗಳು ಹೆಣ್ಣಿಗೆ ಅಷ್ಟೇ ಅಪಾಯಕಾರಿ. ಕೊನೆಯ ಮೊಟ್ಟೆ ಗೂಡು ಸೇರಿದ ಕೂಡಲೇ ಗಂಡಿನ ಕಣ್ಣಿಗೆ ಹೆಣ್ಣು ಮತ್ತೆ ಕಳ್ಳ ಮೀನು. ಅಂದೇ ಅದನ್ನು ಬೇರ್ಪಡಿಸಬೇಕು. ಮೊಟ್ಟೆ ಒಂದೂವರೆ ದಿನದೊಳಗೆ ಒಡೆದು, ಮುಂದಿನ ಎರಡು ಮೂರು ದಿನಗಳಲ್ಲಿ ಮರಿಗಳು ಈಜತೊಡಗಿದಾಗ ಗಂಡನ್ನೂ ತೆಗೆಯಬೇಕು.

ಮೈಸೂರಿನ ಆ ಮನೆಯಲ್ಲಿ ತ್ರೀ ಸ್ಪಾಟ್‌ಗಳಿಗೆ ಎರಡು ಅಡಿಯ ತೊಟ್ಟಿ ಸಾಲದೆಂದು ನಾನು ಹೇಳಿದಾಗ ಮನೆಯವರು ಸ್ವಲ್ಪ ಹೊತ್ತು ಯೋಚಿಸಿದರು. ಮರುವಾರ ಮೂರೂವರೆ ಅಡಿಯ ತೊಟ್ಟಿ ಬಂತು. ಮೊದಲು ಹೆಣ್ಣನ್ನು ಬಿಟ್ಟೆವು, ಆರು ದಿನದ ನಂತರ ಗಂಡನ್ನು. ಬಲಗಡೆ ಫಿಲ್ಟರಿನ ಬಳಿ ಗಂಡು ಹೊಸ ಗೂಡು ಕಟ್ಟಿತು; ಎಡಗಡೆ ಪಿಸ್ಟಿಯಾ ಬೇರುಗಳ ಕೆಳಗೆ ಹೆಣ್ಣು ತನ್ನ ಜಾಗ ಹಿಡಿಯಿತು. ತಿಂಗಳ ನಂತರ ನಾನು ಹೋದಾಗ ಬಾಲದ ರೆಕ್ಕೆ ಪೂರ್ತಿ ಕೂಡಿಕೊಂಡಿತ್ತು, ತುಂಡಾದ ಮೀಸೆ ಇನ್ನೊಂದಕ್ಕಿಂತ ಬೆರಳಿನ ಒಂದು ಗೆಣ್ಣಿನಷ್ಟು ಮಾತ್ರ ಗಿಡ್ಡವಿತ್ತು. ಮತ್ತೆ ಹತ್ತು ನಿಮಿಷ ಕುಳಿತು ಎಣಿಸಿದೆ. ಹೆಣ್ಣು ಮೂರು ಬಾರಿ ಮೇಲೆ ಬಂತು, ಮೂರು ಬಾರಿಯೂ ಗಾಳಿ ತುಂಬಿಕೊಂಡು ನಿಧಾನವಾಗಿ ಕೆಳಗಿಳಿಯಿತು.