ಮೂರನೆಯವಳ ಲೆಕ್ಕ

2021ರ ಆಗಸ್ಟ್ 7, ಶನಿವಾರ. ದಾವಣಗೆರೆಯ ನಮ್ಮ ಮನೆಯಲ್ಲಿ ಬೆಳಕು ಹರಿಯುವ ಮೊದಲೇ ಎಲ್ಲರೂ ಟಿ.ವಿ. ಮುಂದೆ ಕೂತಿದ್ದೆವು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್‌ಗೆ ಪದಕ ಕೈಗೆಟುಕುವಷ್ಟು ಹತ್ತಿರವಿತ್ತು. ನಮ್ಮಲ್ಲಿ ಗಾಲ್ಫ್ ಕೋಲು ಮುಟ್ಟಿದವರು ಯಾರೂ ಇಲ್ಲ. ಆದರೂ ಅದಿತಿಯ ತಾಯಿ ಮಗಳಿಗೆ ಕ್ಯಾಡಿಯಾಗಿ, ಕೋಲುಗಳ ಚೀಲ ಹೊತ್ತು, ಬಿಸಿಲಲ್ಲಿ ಜೊತೆಜೊತೆಗೇ ನಡೆಯುವುದನ್ನು ಕಂಡು ನನ್ನ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದೇ ಒಂದು ಹೊಡೆತ ಹೆಚ್ಚಾಗಿ ಕಂಚು ತಪ್ಪಿತು. ಖೋಖೋ ಆಡುವ ತಮ್ಮನ ಮಗಳು ಆಗ ಕೇಳಿದಳು: "ಈ ಆಟದಾಗೆ ಟೀಮ್ ಅಂತ ಇರಲ್ವಾ ದೊಡ್ಡಪ್ಪ? ಒಬ್ಬಳೇ ಎಲ್ಲಾ ಹೊರಬೇಕಾ?"

ಟೀಮ್ ಇದೆ. ಒಲಿಂಪಿಕ್ಸ್‌ನಲ್ಲಿ ಅಂದು ಇರಲಿಲ್ಲ, ಅಷ್ಟೇ. ಹವ್ಯಾಸಿ ಗಾಲ್ಫ್‌ನಲ್ಲಿ ಹೆಣ್ಣುಮಕ್ಕಳು ದೇಶದ ಪರವಾಗಿ ತಂಡ ಕಟ್ಟಿ ಆಡುತ್ತಾ ಬಂದದ್ದಕ್ಕೆ ದೊಡ್ಡ ಇತಿಹಾಸವೇ ಇದೆ. ಹವ್ಯಾಸಿ ಎಂದರೇನೆಂದು ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಿದು. ನಾಟಕವನ್ನೇ ನಂಬಿ ಹೊಟ್ಟೆ ಹೊರೆಯುವವರು ವೃತ್ತಿಯವರು, ಬಣ್ಣದ ಮೇಲಿನ ಪ್ರೀತಿಗೆ ಹಚ್ಚುವವರು ಹವ್ಯಾಸಿಗಳು. ಗಾಲ್ಫ್‌ನಲ್ಲೂ ಅಷ್ಟೇ, ಬಹುಮಾನದ ಹಣಕ್ಕಾಗಿ ಆಡುವವರು ವೃತ್ತಿಪರರು.

ಕಥೆ ಶುರುವಾಗುವುದು 1905ರಲ್ಲಿ, ಇಂಗ್ಲೆಂಡಿನ ಕ್ರೋಮರ್‌ನಲ್ಲಿ. ಬ್ರಿಟಿಷ್ ಚಾಂಪಿಯನ್‌ಷಿಪ್ ಆಡಲು ಹಡಗು ಹತ್ತಿ ಬಂದಿದ್ದ ಕೆಲವು ಅಮೆರಿಕನ್ ಮಹಿಳೆಯರು ಅಲ್ಲಿನವರ ಜೊತೆ ಒಂದು ಸ್ನೇಹದ ಪಂದ್ಯ ಆಡಿದರು, ಸೋತರು. ಅವರಲ್ಲಿ ಬಾಸ್ಟನ್ ಕಡೆಯ ಅಕ್ಕತಂಗಿಯರಿಬ್ಬರಿದ್ದರು, ಹ್ಯಾರಿಯಟ್ ಮತ್ತು ಮಾರ್ಗರೆಟ್ ಕರ್ಟಿಸ್. ಎರಡೇ ವರ್ಷಗಳಲ್ಲಿ, 1907ರ ಅಮೆರಿಕನ್ ಹವ್ಯಾಸಿ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ, ಹಿಂದಿನ ವರ್ಷ ಗೆದ್ದಿದ್ದ ಅಕ್ಕನನ್ನು ತಂಗಿಯೇ ಸೋಲಿಸಿದಳು. ಆದರೆ ಇಬ್ಬರ ಮನಸ್ಸಿನಲ್ಲೂ ಉಳಿದದ್ದು ಕ್ರೋಮರ್. ಅಂಥ ಪಂದ್ಯ ಮತ್ತೆ ಮತ್ತೆ ನಡೆಯಬೇಕೆಂದು ಅವರು ಒಂದು ಬೆಳ್ಳಿ ಬಟ್ಟಲು ಕೊಟ್ಟರು. ಅದರ ಮೇಲೆ ಕೆತ್ತಿಸಿದ ಸಾಲಿನ ಅರ್ಥ ಇಷ್ಟು: ಹಲವು ನಾಡುಗಳ ಗಾಲ್ಫ್ ಆಟಗಾರ್ತಿಯರ ನಡುವೆ ಸ್ನೇಹದ ಪೈಪೋಟಿ ಹುಟ್ಟಲಿ.

ಬಟ್ಟಲೇನೋ ಬಂತು, ಪಂದ್ಯಕ್ಕೆ ದುಡ್ಡು ಹೊಂದಿಸುವುದೇ ತಡವಾಯಿತು. ಮೊದಲ ಕರ್ಟಿಸ್ ಕಪ್ ನಡೆದದ್ದು 1932ರಲ್ಲಿ, ವೆಂಟ್‌ವರ್ತ್‌ನಲ್ಲಿ; ಬ್ರಿಟನ್–ಐರ್ಲೆಂಡ್ ತಂಡದ ಎದುರು ಅಮೆರಿಕ 5½–3½ ಅಂಕಗಳಿಂದ ಗೆದ್ದಿತು. 1936ರಲ್ಲಿ ಸ್ಕಾಟ್ಲೆಂಡಿನ ಗ್ಲೆನೀಗಲ್ಸ್‌ನಲ್ಲಿ ಜೆಸ್ಸಿ ಆಂಡರ್ಸನ್ ಎಂಬ ಎಳೆ ಆಟಗಾರ್ತಿ ಕೊನೆಯ ಕುಳಿಯ ಸುತ್ತಲಿನ ಹಸಿರು ಹಾಸಿನ ಮೇಲೆ ಚೆಂಡನ್ನು ದೂರದಿಂದ ಉರುಳಿಸಿ ಕುಳಿಗೆ ಇಳಿಸಿ 4½–4½ರ ಸಮಬಲ ತಂದುಕೊಟ್ಟಳು. ಬ್ರಿಟನ್–ಐರ್ಲೆಂಡ್ ತಂಡ ಮೊದಲ ಗೆಲುವು ಕಂಡದ್ದು 1952ರಲ್ಲಿ.

ನನಗೆ ಇಲ್ಲಿ ಒಂದು ಕೊರಗು. ಬಟ್ಟಲಿನ ಮೇಲೆ ‘ಹಲವು ನಾಡು’ ಎಂದಿದೆ, ಅಂಗಳದಲ್ಲಿ ಇಳಿದದ್ದು ಎರಡೇ ಕಡೆಯವರು. ಇಂದಿಗೂ ಹಾಗೆಯೇ. ಅಕ್ಕತಂಗಿಯರ ಮಾತು ನಡೆಸಿಕೊಟ್ಟವರು ಬೇರೆಯವರು, ಫ್ರಾನ್ಸಿನವರು.

1964ರಲ್ಲಿ ಕರ್ಟಿಸ್ ಕಪ್ ವೇಲ್ಸ್‌ನಲ್ಲಿತ್ತು. ಅಮೆರಿಕನ್ನರು ಅಷ್ಟು ದೂರ ಬಂದಾಗ ಹಾಗೇ ಫ್ರಾನ್ಸಿಗೂ ಬಂದು ಒಂದು ಪಂದ್ಯ ಆಡಲಿ ಎಂಬುದು ಫ್ರೆಂಚರ ಆಸೆ. ಇದರ ಹಿಂದಿದ್ದವರು ಲಾಲಿ ಸೆಗಾರ್ ಎಂಬ ಹಿರಿಯ ಆಟಗಾರ್ತಿ. ನಮ್ಮನ್ನಷ್ಟೇ ಯಾಕೆ, ಎಲ್ಲ ದೇಶದವರನ್ನೂ ಕರೆಯಿರಿ ಎಂದಿತು ಅಮೆರಿಕದ ಗಾಲ್ಫ್ ಸಂಸ್ಥೆ. ಕರೆದರು. ಆ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಬಳಿಯ ಸೇಂಟ್ ಜರ್ಮೈನ್‌ಗೆ 25 ದೇಶಗಳ ತಂಡಗಳು ಬಂದವು. ಪೋರ್ಚುಗಲ್‌ನ ಎಸ್ಪಿರಿಟೊ ಸ್ಯಾಂಟೊ ಕುಟುಂಬ ಟ್ರೋಫಿ ಕೊಟ್ಟಿತು; ಮಹಿಳೆಯರ ವಿಶ್ವ ಹವ್ಯಾಸಿ ತಂಡ ಚಾಂಪಿಯನ್‌ಷಿಪ್‌ಗೆ ಇಂದಿಗೂ ಅದೇ ಹೆಸರು. ಗಂಡಸರ ಇಂಥದೇ ಸ್ಪರ್ಧೆ ಐಸೆನ್‌ಹೋವರ್ ಟ್ರೋಫಿ ಆರು ವರ್ಷ ಮೊದಲೇ, 1958ರಲ್ಲಿ ಶುರುವಾಗಿತ್ತು.

ಗೆದ್ದದ್ದು ಕರೆದ ಮನೆಯವರೇ. ಕ್ಲೋದೀನ್ ಕ್ರೋ, ಬ್ರಿಜಿತ್ ವರಾಂಗೋ, ಕ್ಯಾಥರೀನ್ ಲಕಾಸ್ಟ್, ಈ ಮೂವರ ಫ್ರಾನ್ಸ್ ಅಮೆರಿಕವನ್ನು ಒಂದೇ ಹೊಡೆತದಿಂದ ಹಿಂದಿಕ್ಕಿತು. ಕ್ಯಾಥರೀನ್‌ಗೆ ಆಗ 19 ವರ್ಷ. ಮೊಸಳೆ ಗುರುತಿನ ಅಂಗಿಗೆ ಹೆಸರಾದ ಟೆನಿಸ್ ಆಟಗಾರ ರೆನೆ ಲಕಾಸ್ಟ್ ಅವಳ ಅಪ್ಪ. ತಾಯಿ ಸಿಮೋನ್ 1927ರಲ್ಲೇ ಬ್ರಿಟಿಷ್ ಹವ್ಯಾಸಿ ಪಟ್ಟ ಗೆದ್ದಿದ್ದ ಗಾಲ್ಫ್ ಆಟಗಾರ್ತಿ. ಮೂರು ವರ್ಷ ಕಳೆದು ಕ್ಯಾಥರೀನ್ ವೃತ್ತಿಪರರನ್ನೆಲ್ಲ ದಾಟಿ ಅಮೆರಿಕನ್ ಮಹಿಳಾ ಓಪನ್ ಗೆದ್ದಳು. ಹವ್ಯಾಸಿಯಾಗಿದ್ದು ಅದನ್ನು ಗೆದ್ದವರು ಅವಳೊಬ್ಬಳೇ.

ವಿಶ್ವ ತಂಡ ಸ್ಪರ್ಧೆಯಲ್ಲಿ ಆಮೇಲೆ 1966ರಿಂದ 1976ರವರೆಗೆ, ಎರಡು ವರ್ಷಕ್ಕೊಮ್ಮೆ ನಡೆದ ಆರು ಸಲವೂ, ಅಮೆರಿಕದ್ದೇ ಗೆಲುವು. 1978ರಲ್ಲಿ ಆಸ್ಟ್ರೇಲಿಯಾ ಆ ಸಾಲನ್ನು ಮುರಿಯಿತು. ಏಷ್ಯಾದವರು 1979ರಲ್ಲಿ ಥಾಯ್ಲೆಂಡ್‌ನಲ್ಲಿ ತಮ್ಮದೇ ತಂಡ ಸ್ಪರ್ಧೆ, ಕ್ವೀನ್ ಸಿರಿಕಿತ್ ಕಪ್, ಆರಂಭಿಸಿಕೊಂಡರು. 1996ರಿಂದ 2023ರ ನಡುವೆ ದಕ್ಷಿಣ ಕೊರಿಯಾ ವಿಶ್ವ ಟ್ರೋಫಿಯನ್ನು ಐದು ಬಾರಿ ಒಯ್ದಿತು. 2016ರಲ್ಲಿ ಮೆಕ್ಸಿಕೊದಲ್ಲಿ ಗೆದ್ದದ್ದಂತೂ 21 ಹೊಡೆತಗಳ ಅಂತರದಿಂದ.

ತಂಡದ ಲೆಕ್ಕ ಹೀಗೆ: ಒಂದು ದೇಶಕ್ಕೆ ಮೂವರು, ನಾಲ್ಕು ದಿನ, ದಿನಕ್ಕೆ 18 ಕುಳಿ. ಪ್ರತಿದಿನ ಮೂವರಲ್ಲಿ ಕಡಿಮೆ ಹೊಡೆತ ತೆಗೆದುಕೊಂಡ ಇಬ್ಬರ ಸ್ಕೋರ್ ಮಾತ್ರ ಕೂಡಿಸುತ್ತಾರೆ. ಒಬ್ಬಳಿಗೆ ದಿನ ಕೆಟ್ಟರೂ ತಂಡ ಮುಳುಗುವುದಿಲ್ಲ.

ಇದನ್ನು ಹೇಳಿದಾಗ ತಮ್ಮನ ಮಗಳು ಸುಮ್ಮನಾಗಲಿಲ್ಲ. "ಹಂಗಾದ್ರೆ ಮೂರನೇಯವಳು ಯಾತಕ್ಕೆ ಆಡ್ಬೇಕು?" ಸಂಜೆಯವರೆಗೆ ಮೂರನೆಯವಳು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ ಎಂದೆ. ಅವಳಿಗೆ ಅಷ್ಟು ಸಾಲಲಿಲ್ಲ.

ಮರುವರ್ಷ, 2022ರಲ್ಲಿ, ಸ್ಪರ್ಧೆ ಮತ್ತೆ ಪ್ಯಾರಿಸ್ ಬಳಿಗೆ ಬಂತು. ನಾಲ್ಕು ದಿನ ಮುಗಿದಾಗ ಸ್ವೀಡನ್ ಮತ್ತು ಅಮೆರಿಕ ಸರಿಸಮ. ನಿಯಮದ ಪ್ರಕಾರ ಕೊನೆಯ ದಿನ ಲೆಕ್ಕಕ್ಕೆ ಸೇರದೆ ಉಳಿದಿದ್ದ ಸ್ಕೋರ್ ಕಾರ್ಡುಗಳನ್ನು ಎತ್ತಿ ಪಕ್ಕಪಕ್ಕ ಇಟ್ಟು ನೋಡಿದರು. ಸ್ವೀಡನ್‌ನ ಮೂರನೆಯವಳದ್ದು ಕಡಿಮೆಯಿತ್ತು. ಟ್ರೋಫಿ ಅವರಿಗೆ ಹೋಯಿತು. ಸುದ್ದಿಯನ್ನು ತಮ್ಮನ ಮಗಳಿಗೆ ಓದಿ ಹೇಳಿದೆ; ಫೋನ್ ಕಸಿದುಕೊಂಡು ತಾನೇ ಇನ್ನೊಮ್ಮೆ ಓದಿದಳು.